ವಾಹನ ಪ್ರಶ್ನೋತ್ತರ: ಬ್ರೇಕ್ ಒತ್ತಿದರೆ ‘ಢಬ್’ ಎನ್ನುವ ಕಾರು

ಪ್ರಶ್ನೆ: ನನ್ನ ಬಳಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರಿದ್ದು, ಸುಮಾರು 90,000 ಕಿ.ಮೀ. ಓಡಿದೆ. ಕೆಲವು ತಿಂಗಳಿಂದ ಹಂಪ್ ಬಂತೆಂದು ಬ್ರೇಕ್ ಒತ್ತಿದಾಗ ಮುಂಭಾಗದ ಎಡಗಡೆಯಿಂದ ಒಮ್ಮೆ ‘ಢಬ್’ ಎಂಬ ಶಬ್ದ ಬರುತ್ತದೆ. ರಿವರ್ಸ್ ತೆಗೆದು ನಿಲ್ಲಿಸುವಾಗಲೂ ಅದೇ ಶಬ್ದ. ಎರಡು ಬಾರಿ ಅಲೈನ್‌ಮೆಂಟ್ ಮಾಡಿಸಿದರೂ ಎಡ ಟೈರಿನ ಒಳ ಅಂಚು ಸವೆಯುತ್ತಲೇ ಇದೆ. ಒಬ್ಬ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಬದಲಿಸಬೇಕೆನ್ನುತ್ತಾರೆ, ಮತ್ತೊಬ್ಬರು ಲೋಯರ್ ಆರ್ಮ್ (ಚಕ್ರವನ್ನು ಕೆಳಗಡೆ ಚಾಸಿಗೆ ಜೋಡಿಸುವ ಲೋಹದ ತೋಳು) ಹೋಗಿದೆ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ಎರಡನೆಯವರ ಮಾತಿನಲ್ಲಿ ಹೆಚ್ಚು ತಥ್ಯವಿರುವಂತೆ ಕಾಣುತ್ತದೆ, ಆದರೆ ಹಣ ಖರ್ಚು ಮಾಡುವ ಮೊದಲು ಅದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಶಬ್ದ ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದೇ ಇಲ್ಲಿ ಮುಖ್ಯ. ಶಾಕ್ ಅಬ್ಸಾರ್ಬರ್ ಕೆಲಸ ಮಾಡುವುದು ಚಕ್ರ ಮೇಲೆ ಕೆಳಗೆ ಆಡುವಾಗ. ಆದ್ದರಿಂದ ಅದು ಕೆಟ್ಟಿದ್ದರೆ ಗುಂಡಿ ಬಿದ್ದ ರಸ್ತೆಯಲ್ಲಿ ಶಬ್ದ ಪದೇಪದೇ ಕೇಳಬೇಕು, ಅದರ ಮೈಮೇಲೆ ಎಣ್ಣೆ ಸೋರಿದ ಗುರುತಿರಬೇಕು, ಇಲ್ಲವೇ ಹಂಪ್ ದಾಟಿದ ಮೇಲೂ ಕಾರು ತೂಗಾಡಬೇಕು. ನಿಮ್ಮ ಕಾರಿನಲ್ಲಿ ಶಬ್ದ ಬರುತ್ತಿರುವುದು ಚಕ್ರಕ್ಕೆ ಹಿಂದು ಮುಂದಿನ ಒತ್ತಡ ಬಿದ್ದಾಗ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಲೋಯರ್ ಆರ್ಮ್‌ನ ಚಕ್ರದ ಕಡೆಗೆ ಒಂದು ಬಾಲ್ ಜಾಯಿಂಟ್ (ಎಲ್ಲ ಕಡೆಗೂ ತಿರುಗುವ ಗುಂಡುಕೀಲು) ಇರುತ್ತದೆ, ಚಾಸಿಯ ಕಡೆಗೆ ಬುಷ್ ಎಂಬ ರಬ್ಬರಿನ ಎರಡು ಮೆತ್ತೆಗಳಿರುತ್ತವೆ. ಮುಂದೆ ಹೋಗುವಾಗ ಬ್ರೇಕ್ ಒತ್ತಿದರೆ ನೆಲವು ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ರಿವರ್ಸ್‌ನಲ್ಲಿ ಒತ್ತಿದರೆ ಮುಂದಕ್ಕೆ ತಳ್ಳುತ್ತದೆ. ಈ ತಳ್ಳಾಟವನ್ನು ತಡೆದುಕೊಳ್ಳುವುದು ಈ ಬುಷ್‌ಗಳೇ, ಅದರಲ್ಲೂ ದಪ್ಪನೆಯ ಹಿಂದಿನ ಬುಷ್. ಅದರ ರಬ್ಬರ್ ಹರಿದಿದ್ದರೆ ಒತ್ತಡದ ದಿಕ್ಕು ಬದಲಾದಾಗಲೆಲ್ಲ ಆರ್ಮ್ ಸರಿದು ಲೋಹಕ್ಕೆ ಲೋಹ ಬಡಿಯುತ್ತದೆ. ಪ್ರತಿ ಬಾರಿಯೂ ಒಂದೇ ಒಂದು ಪೆಟ್ಟು.

ಇದನ್ನು ಮನೆಯ ಮುಂದೆಯೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ ಒಬ್ಬರು ನಡಿಗೆಯ ವೇಗದಲ್ಲಿ ಕಾರನ್ನು ಮುಂದೆ ಬಿಟ್ಟು ಬ್ರೇಕ್ ಒತ್ತಲಿ, ಅನಂತರ ರಿವರ್ಸ್‌ನಲ್ಲಿಯೂ ಹಾಗೆಯೇ ಮಾಡಲಿ. ಇನ್ನೊಬ್ಬರು ಕಾರಿನ ಹಾದಿಯಿಂದ ದೂರ, ಪಕ್ಕದಲ್ಲಿ ನಿಂತು, ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವಿನ ಅಂತರವನ್ನು ಗಮನಿಸಲಿ. ಎಡ ಚಕ್ರ ಬಲ ಚಕ್ರಕ್ಕಿಂತ ಎದ್ದು ಕಾಣುವಷ್ಟು ಹಿಂದು ಮುಂದು ಸರಿದರೆ ಅನುಮಾನ ಬಹುಮಟ್ಟಿಗೆ ನಿಜವಾದಂತೆಯೇ.

ಉಳಿದ ಪರೀಕ್ಷೆಗೆ ಗ್ಯಾರೇಜೇ ಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ದಯವಿಟ್ಟು ನುಸುಳಬೇಡಿ. ಸಾಧ್ಯವಿದ್ದರೆ ಚಕ್ರಗಳ ಮೇಲೆ ಭಾರವಿರುವಂತೆಯೇ, ಪಿಟ್ ಅಥವಾ ರ‍್ಯಾಂಪ್ ಮೇಲೆ ನಿಲ್ಲಿಸಿ ನೋಡಿಸಿ. ಚಕ್ರ ಗಾಳಿಯಲ್ಲಿ ಜೋತುಬಿದ್ದರೆ ಆರ್ಮ್ ಕೆಳಗಿಳಿದು ರಬ್ಬರ್ ತಿರುಚಿಕೊಳ್ಳುವುದರಿಂದ ಹರಿದ ಭಾಗ ಮುಚ್ಚಿಹೋಗುವುದೂ ಉಂಟು. ಟಾರ್ಚ್ ಹಾಕಿ ನೋಡಿದಾಗ ಕೆಟ್ಟ ಬುಷ್‌ನಲ್ಲಿ ಒಳಗಿನ ಉಕ್ಕಿನ ಕೊಳವೆ ನಡುವಿನಲ್ಲಿರದೆ ಒಂದು ಬದಿಗೆ ವಾಲಿರುತ್ತದೆ, ರಬ್ಬರ್ ಲೋಹದಿಂದ ಬಿಟ್ಟುಕೊಂಡ ಜಾಗದಲ್ಲಿ ಅರ್ಧಚಂದ್ರಾಕಾರದ ಸಂದು ಕಾಣುತ್ತದೆ, ಸುತ್ತ ಕಪ್ಪು ಪುಡಿಯೋ ಕೆಂಪು ತುಕ್ಕೋ ಮೆತ್ತಿಕೊಂಡಿರುತ್ತದೆ. ಆದರೆ ಹಿಂದಿನ ಬುಷ್‌ನಲ್ಲಿ ತಯಾರಿಕೆಯಲ್ಲೇ ಬಿಟ್ಟ ಖಾಲಿ ಜಾಗಗಳೂ ಇರುತ್ತವೆ. ಅವುಗಳನ್ನು ಬಿರುಕೆಂದು ತಿಳಿಯದಿರಲು ಬಲಗಡೆಯ ಬುಷ್ ಜೊತೆ ಹೋಲಿಸಿ ನೋಡುವುದು ಸುಲಭದ ದಾರಿ. ಬಳಿಕ ಉದ್ದನೆಯ ಲಿವರ್ ಹಾಕಿ ಆರ್ಮನ್ನು ಮೀಟಿಸಿ. ರಬ್ಬರ್ ಸ್ವಲ್ಪ ಬಗ್ಗಿ ನಿಧಾನವಾಗಿ ಹಿಂದಿರುಗಿದರೆ ಅದು ಸಹಜ, ಅಡೆತಡೆಯಿಲ್ಲದೆ ಜಾರಿ ‘ಟಕ್’ ಎಂದರೆ ಬುಷ್ ಮುಗಿದಿದೆ. ಚಕ್ರವನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಬಾಲ್ ಜಾಯಿಂಟ್ ಮತ್ತು ವೀಲ್ ಬೇರಿಂಗ್ ಸಡಿಲವಾಗಿಲ್ಲವೆಂದೂ ಆಗಲೇ ನೋಡಿಸಿಬಿಡಿ.

ಅಲೈನ್‌ಮೆಂಟ್ ವಿಚಾರ. ಯಂತ್ರ ಅಳೆಯುವುದು ನಿಂತ ಕಾರಿನ ಚಕ್ರಗಳ ಕೋನವನ್ನು. ಪರದೆಯ ಮೇಲೆ ಎಲ್ಲವೂ ಹಸಿರಾಗಿದ್ದರೂ, ಬುಷ್ ಸಡಿಲವಿರುವ ಕಾರಿನಲ್ಲಿ ಆ ಅಳತೆ ಮೊದಲ ಬ್ರೇಕಿಗೇ ಕದಲುತ್ತದೆ. ಓಡುವಾಗ ಚಕ್ರ ಹೊರಕ್ಕೆ ತಿರುಗಿಕೊಂಡರೆ ಟೈರಿನ ಒಳ ಅಂಚು ಸವೆಯುವುದು ತಪ್ಪುವುದಿಲ್ಲ. ಹೀಗಿರುವಾಗ ಮೂರನೇ ಅಲೈನ್‌ಮೆಂಟಿಗೆ ಹಣ ಕೊಡುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಬಾಲ್ ಜಾಯಿಂಟ್ ಗಟ್ಟಿಯಾಗಿದ್ದು, ಆರ್ಮ್ ಬಗ್ಗದೆ ಇದ್ದು, ನಿಮ್ಮ ಮಾದರಿಗೆ ಬುಷ್ ಬಿಡಿಯಾಗಿ ಸಿಗುವುದಾದರೆ ಬುಷ್ ಮಾತ್ರ ಬದಲಿಸಿದರೆ ಸಾಕು. ಆದರೆ ಅದನ್ನು ಪ್ರೆಸ್‌ನಲ್ಲಿ ಕೂರಿಸಬೇಕು, ಸುತ್ತಿಗೆಯಿಂದ ಬಡಿದು ತುರುಕಬಾರದು. ಖಾಲಿ ಜಾಗಗಳು ಹಳೆಯ ಬುಷ್‌ನಲ್ಲಿದ್ದ ದಿಕ್ಕಿಗೇ ಬರಬೇಕು. ಬಾಲ್ ಜಾಯಿಂಟೂ ಆಡುತ್ತಿದ್ದರೆ ಇಡೀ ಆರ್ಮ್ ಹಾಕಿಸುವುದೇ ಲೇಸು.

ಗ್ಯಾರೇಜಿನಲ್ಲಿ ನಿಂತು ಗಮನಿಸಲೇಬೇಕಾದ ಸಂಗತಿ ಇನ್ನೊಂದಿದೆ. ಬುಷ್‌ನ ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದಾಗ ಒಳಗಿನ ಕೊಳವೆ ಚಾಸಿಗೆ ಕಚ್ಚಿ ನಿಲ್ಲುತ್ತದೆ, ಮುಂದಿನ ಚಲನೆಯೆಲ್ಲ ರಬ್ಬರಿನ ತಿರುಚುವಿಕೆಯಿಂದಲೇ ನಡೆಯಬೇಕು. ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ತಾಳಲಿಲ್ಲವೆಂದು ಬಿಡಿಭಾಗವನ್ನು ದೂರುವವರಲ್ಲಿ ಹಲವರ ಕಥೆ ಇದೇ. ಆದ್ದರಿಂದ ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಲು ತಿಳಿಸಿ. ಎರಡೂ ಬದಿ ಒಟ್ಟಿಗೆ ಮಾಡಿಸಿ, ಅಲೈನ್‌ಮೆಂಟನ್ನು ಕೊನೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಎರಡೂ ಮುಂದಿನ ಚಕ್ರಗಳು ಹಂಪನ್ನು ಒಟ್ಟಿಗೆ ಹತ್ತಿದರೆ ನನ್ನ ಕಾರಿನಲ್ಲಿ ಶಬ್ದವಿಲ್ಲ, ಒಂದೇ ಚಕ್ರ ಗುಂಡಿಗಿಳಿದರೆ ‘ಟಕಟಕ’ ಎನ್ನುತ್ತದೆ. ಬೆಳಿಗ್ಗೆ ಕಿರುಗುಟ್ಟುವುದೂ ಉಂಟು. ಬುಷ್‌ಗಳಿಗೆ ಗ್ರೀಸ್ ಹಚ್ಚಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಕಾರಿನಲ್ಲಿ ಲೋಯರ್ ಆರ್ಮ್‌ಗಿಂತ ಮೊದಲು ಸ್ಟೆಬಿಲೈಸರ್ ಬಾರ್‌ನ (ಎಡ ಬಲ ಚಕ್ರಗಳನ್ನು ಬೆಸೆಯುವ ಉಕ್ಕಿನ ಸರಳಿನ) ಲಿಂಕ್ ಮತ್ತು ಬುಷ್‌ಗಳನ್ನು ನೋಡಿಸಿ. ಎರಡು ಚಕ್ರಗಳು ಸಮನಾಗಿ ಏರಿಳಿದರೆ ಆ ಬಾರ್ ತಿರುಚಿಕೊಳ್ಳುವುದಿಲ್ಲ; ಒಂದು ಚಕ್ರ ಇನ್ನೊಂದಕ್ಕಿಂತ ಹೆಚ್ಚು ಏರಿದಾಗಲೋ ಇಳಿದಾಗಲೋ ಮಾತ್ರ ಅದಕ್ಕೆ ಕೆಲಸ. ಕಿರುಗುಟ್ಟುವ ಬುಷ್ ಮೇಲೆ ನೀರು ಚಿಮುಕಿಸಿ ನೋಡಿ, ಶಬ್ದ ಸ್ವಲ್ಪ ಹೊತ್ತು ನಿಂತರೆ ಮೂಲ ಅದೇ. ಮಾಮೂಲಿ ಗ್ರೀಸ್, ಡೀಸೆಲ್, ಹಳೆಯ ಎಂಜಿನ್ ಆಯಿಲ್ ಯಾವುದನ್ನೂ ಹಚ್ಚಬೇಡಿ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್‌ನಿಂದ ಆಯಿಲ್ ಸೋರಿ ಬುಷ್ ಮೇಲೆ ಬೀಳುತ್ತಿದ್ದರೆ ಮೊದಲು ಆ ಸೋರಿಕೆಯನ್ನು ನಿಲ್ಲಿಸಿ, ಬುಷ್ ಆಮೇಲೆ ಹಾಕಿಸಿ.