ಸುಶಿ ಆರೋಗ್ಯಕ್ಕೆ ಒಳ್ಳೆಯದಾ? ಮೀನಿಗಿಂತ ಮೊದಲು ಅನ್ನ ನೋಡಿ

ನೀವು ಕೇಳಿದ್ದು ಇಷ್ಟು. ಊರು ಉಪ್ಪಳ, ಕೆಲಸ ದುಬೈಯಲ್ಲಿ. ವಾರಕ್ಕೊಮ್ಮೆಯಾದರೂ ಆಫೀಸಿನವರ ಜೊತೆ ಸುಶಿ, ಅಂದರೆ ಹುಳಿ ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನು ಇಡುವ ಜಪಾನಿನ ತಿಂಡಿ, ತಿನ್ನುತ್ತೀರಿ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ 6.1 ಬಂದಿದೆ, ಅಂದರೆ ಸಕ್ಕರೆ ಕಾಯಿಲೆಯ ಅಂಚು. ಹೆಂಡತಿ ಬಸುರಿ. ರಾತ್ರಿ ಅನ್ನ ಬಿಟ್ಟು ಸುಶಿ ತಿಂದರೆ ಒಳ್ಳೆಯದಾ, ಹೆಂಡತಿಯೂ ತಿನ್ನಬಹುದಾ, ರಜೆಗೆ ಬಂದಾಗ ಊರಿನ ಅಂಜಲ್ ತಂದು ಮನೆಯಲ್ಲೇ ಮಾಡಬಹುದಾ?

ನಾನು ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ ಡಯಟಿಶಿಯನ್. ಗಲ್ಫ್‌ನಿಂದ ಬರುವವರು ಸುಶಿ ಬಗ್ಗೆ ಆಗಾಗ ಕೇಳುತ್ತಾರೆ. ಎಲ್ಲರಿಗೂ ಹೆದರಿಕೆ ಹಸಿ ಮೀನಿನದ್ದು. ಆದರೆ 6.1 ಇರುವವರು ಮೊದಲು ನೋಡಬೇಕಾದ್ದು ಅನ್ನವನ್ನು.

ಅನ್ನ ಬಿಟ್ಟು ಸುಶಿ ಅಂದಿರಿ ಅಲ್ವಾ? ಸುಶಿಯಲ್ಲಿ ಜಾಸ್ತಿ ಇರುವುದೇ ಅನ್ನ. ಅದೂ ಪೂರ್ತಿ ಪಾಲಿಶ್ ಮಾಡಿದ, ಬೆಂದರೆ ಅಂಟಂಟಾಗುವ ಬಿಳಿ ಅಕ್ಕಿಯ ಅನ್ನ. ಅದು ಬಿಸಿ ಇರುವಾಗಲೇ ಅಕ್ಕಿಯ ವಿನೆಗರ್, ಸಕ್ಕರೆ, ಉಪ್ಪು ಕಲಸುತ್ತಾರೆ. ಎರಡು ಲೋಟ ಅಕ್ಕಿಗೆ ಎರಡು ಮೂರು ದೊಡ್ಡ ಚಮಚ ಸಕ್ಕರೆ ಹಾಕುವುದು ಮಾಮೂಲಿ. ಸಿಹಿ ಗೊತ್ತಾಗುವುದಿಲ್ಲ, ಹುಳಿ ಅದನ್ನು ಮುಚ್ಚುತ್ತದೆ. ಅನ್ನ, ಮೀನು ಇಟ್ಟು ಸುತ್ತಿ ಕತ್ತರಿಸಿದ ಎಂಟು ತುಂಡಿನ ಒಂದು ರೋಲ್‌ನಲ್ಲಿ 100ರಿಂದ 150 ಗ್ರಾಂ ಅನ್ನ ಇರುತ್ತದೆ. ಎರಡು ರೋಲ್ ತಿಂದರೆ ಮನೆಯಲ್ಲಿ ಬಡಿಸಿಕೊಳ್ಳುವಷ್ಟೇ ಅನ್ನ ಹೊಟ್ಟೆಗೆ ಹೋಯಿತು. ಒತ್ತಿ ಸುತ್ತಿರುತ್ತಾರಲ್ಲ, ನೋಡಲು ಚಿಕ್ಕದಾಗಿ ಕಾಣುತ್ತದೆ ಅಷ್ಟೆ.

ಮನೆಯಲ್ಲಿ ನೀವು ಉಂಡು ಬೆಳೆದಿರುವುದು ಬಹುಶಃ ಕೆಂಪು ಕುಚ್ಚಿಲಕ್ಕಿ. ಅದರಲ್ಲಿ ಸ್ವಲ್ಪವಾದರೂ ತೌಡು ಉಳಿದಿರುತ್ತದೆ, ಕಾಳು ಗಟ್ಟಿ, ಅಗಿಯಬೇಕಾಗುತ್ತದೆ. ಸಕ್ಕರೆ ಏರುವ ಲೆಕ್ಕದಲ್ಲಿ ಸುಶಿಯ ಅನ್ನಕ್ಕಿಂತ ಅದೇ ಮೇಲು. ವಿನೆಗರ್‌ನಿಂದ ಸಕ್ಕರೆ ಏರುವುದು ಸ್ವಲ್ಪ ನಿಧಾನವಾಗುತ್ತದೆ, ಅದು ನಿಜ. ಆದರೆ ಎರಡು ರೋಲ್ ಅನ್ನ ತಿಂದು ವಿನೆಗರ್ ನೋಡಿಕೊಳ್ಳುತ್ತದೆ ಎಂದು ಕೂರುವ ಹಾಗಿಲ್ಲ.

ಹಾಗಾಗಿ ನಿಮಗೆ ನನ್ನ ಸಲಹೆ ಸಾಶಿಮಿ. ಅದು ಅನ್ನವಿಲ್ಲದ ಬರೀ ಮೀನು. ಅದರ ಜೊತೆ ಸೋಯಾ ಎಳೆಕಾಯಿ, ಅಂದರೆ ಎಡಮಾಮೆ, ಒಂದು ಮಿಸೊ ಸೂಪ್ (ಹುದುಗಿಸಿದ ಸೋಯಾದ್ದು), ಆಮೇಲೆ ಆಸೆಗೆ ನಾಲ್ಕೈದು ತುಂಡು ನಿಗಿರಿ, ಅಂದರೆ ಚಿಕ್ಕ ಅನ್ನದ ಉಂಡೆಯ ಮೇಲೆ ಮೀನಿನ ತುಂಡು ಇಟ್ಟದ್ದು. ಟೆಂಪುರ, ಕ್ರಂಚಿ, ಸ್ಪೈಸಿ ಮೇಯೊ ಎಂದು ಹೆಸರಿರುವ ರೋಲ್ ಬಿಡಿ. ಅವುಗಳಲ್ಲಿ ಎಣ್ಣೆಯಲ್ಲಿ ಕರಿದದ್ದು ಮತ್ತು ಮೇಯನೇಸ್ ಜಾಸ್ತಿ, ಮೀನು ಕಡಿಮೆ. ಕ್ಯಾಲಿಫೋರ್ನಿಯಾ ರೋಲ್‌ನ ಏಡಿ ಕೂಡ ಹೆಚ್ಚಿನ ಕಡೆ ಏಡಿಯಲ್ಲ. ಬಿಳಿ ಮೀನನ್ನು ಅರೆದು ಪಿಷ್ಟ, ಸಕ್ಕರೆ, ಉಪ್ಪು ಸೇರಿಸಿ ಮಾಡಿದ ಕಡ್ಡಿ ಅದು.

ಇನ್ನು ಸೋಯಾ ಸಾಸ್. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಡೀ ದಿನದ ಮಿತಿ 2000. ಅದ್ದುವಾಗ ಅನ್ನದ ಬದಿ ಅದ್ದಬೇಡಿ, ಅದು ಸುಮ್ನೆ ಹೀರಿಕೊಳ್ಳುತ್ತದೆ. ಮೀನಿನ ಬದಿ ಮಾತ್ರ ತಾಗಿಸಿ. ಬಿಪಿ ಇದ್ದರೆ ಮಿಸೊ ಸೂಪ್ ಕೂಡ ಬೇಡ, ಅದರಲ್ಲೂ ಉಪ್ಪು ಸಾಕಷ್ಟಿದೆ.

ಈಗ ಹಸಿ ಮೀನಿನ ವಿಷಯ. ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ಜೀವಂತ ಹೊಟ್ಟೆಗೆ ಹೋದರೆ ತಡೆಯಲಾಗದ ನೋವು, ವಾಂತಿ. ಅದನ್ನು ಕೊಲ್ಲಲು ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಹೇಳುವುದು ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35ರಲ್ಲಿ ಗಟ್ಟಿಯಾಗಿಸಿ 15 ಗಂಟೆ. ಸಾಲ್ಮನ್ ಕಥೆ ಇಲ್ಲಿ ಕೇಳಬೇಕಾದ್ದು. ಹಿಂದೆ ಜಪಾನಿನವರು ಇದೇ ಹುಳುವಿನ ಕಾರಣಕ್ಕೆ ತಮ್ಮ ಕಡಲಿನ ಸಾಲ್ಮನ್ ಹಸಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ಹುಳು ಸೇರದ ಒಣ ಆಹಾರ ಹಾಕಿ ಸಾಕಿದ ಸಾಲ್ಮನ್ ತಂದು, ಇದನ್ನು ಹಸಿ ತಿನ್ನಬಹುದು ಎಂದು ಒಪ್ಪಿಸಿದರು. ಒಳ್ಳೆಯ ಅಂಗಡಿಯಲ್ಲಿ ಹೀಗೆ ಫ್ರೀಜ್ ಮಾಡುವ, ಮೀನು ಆರಿಸುವ ಶಿಸ್ತು ಇರುತ್ತದೆ. ದುಬೈಯಲ್ಲಿ ಗಿರಾಕಿ ಜಾಸ್ತಿ ಇರುವ, ಕಣ್ಣೆದುರೇ ಸುತ್ತಿ ಕೊಡುವ ಜಾಗ ಆರಿಸಿ. ಸಂಜೆಯವರೆಗೆ ಉಳಿದು ರೇಟು ಇಳಿಸಿದ ಡಬ್ಬಿ ತಗೊಳ್ಳಬೇಡಿ.

ಊರಿನ ಅಂಜಲ್‌ನಲ್ಲಿ ಹಸಿ ಸುಶಿ ಖಂಡಿತ ಬೇಡ. ನಮ್ಮ ಮೀನು ತಾಜಾ ಅಲ್ಲ ಅಂತಲ್ಲ. ಮಂಜೇಶ್ವರದಲ್ಲೋ ಕಾಸರಗೋಡಿನಲ್ಲೋ ದೋಣಿ ಇಳಿದ ಮೀನು ಐಸ್, ಬುಟ್ಟಿ, ಹರಾಜು, ಬೈಕ್ ಎಲ್ಲ ದಾಟಿ ನಿಮ್ಮ ಗೇಟಿಗೆ ಬರುತ್ತದೆ. ಬೇಯಿಸಿ ತಿನ್ನುವವರಿಗಾಗಿ ಇರುವ ದಾರಿ ಅದು. ಮನೆಯ ಫ್ರೀಜರ್ ಮೈನಸ್ 18 ಮುಟ್ಟಿದರೆ ಹೆಚ್ಚು, ಮಳೆಗಾಲದಲ್ಲಿ ಕರೆಂಟಿನ ಪಾಡು ನಿಮಗೇ ಗೊತ್ತು. ಇನ್ನೊಂದು, ಫ್ರೀಜರ್ ಹುಳು ಕೊಂದರೂ ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಬಂಗುಡೆ, ಟ್ಯೂನಾದಂಥ ಮೀನು ಸೆಕೆಯಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ, ಮುಖ ಕೆಂಪಾಗಿ ಮೈ ತುರಿಸುತ್ತದೆ. 2022ರ ಮೇಯಲ್ಲಿ ನಮ್ಮ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬಳು ಹುಡುಗಿ ತೀರಿಕೊಂಡಳು, ಎಷ್ಟೋ ಮಕ್ಕಳು ಆಸ್ಪತ್ರೆ ಸೇರಿದರು, ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಬೆಂಕಿ ಮೇಲೆ ಸುಟ್ಟು ಕೊಡುವ ತಿಂಡಿಯಲ್ಲೇ ಹಾಗಾದರೆ, ಬೆಂಕಿಯನ್ನೇ ಕಾಣದ ತಿಂಡಿಗೆ ಎಷ್ಟು ಜಾಗ್ರತೆ ಬೇಕು ನೋಡಿ. ಮಾಡುವ ಆಸೆ ಇದ್ದರೆ ಬೇಯಿಸಿದ ಸಿಗಡಿ, ಸೌತೆಕಾಯಿ, ಮೊಟ್ಟೆ ಇಟ್ಟು ಸುತ್ತಿ. ಮಕ್ಕಳಿಗೂ ಕೊಡಬಹುದು.

ಹೆಂಡತಿಗೆ ಹಸಿ ಮೀನು ಹೆರಿಗೆಯವರೆಗೆ ಪೂರ್ತಿ ಬೇಡ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಮಗುವಿಗೆ ಅಪಾಯ. ಅಂಗಡಿಯಲ್ಲಿ ಬೆಂದದ್ದನ್ನೇ ಕೇಳಿದರೂ ಚಾಕು, ಹಲಗೆ ಬೇರೆ ಇರಲಿ ಎಂದು ಹೇಳಬೇಕು. ದೊಡ್ಡಕಣ್ಣಿನ ಟ್ಯೂನಾ, ಶಾರ್ಕ್, ಮಾರ್ಲಿನ್‌ನಲ್ಲಿ ಪಾದರಸ ಜಾಸ್ತಿ, ಅವು ಬೇಯಿಸಿದರೂ ಬೇಡ. ಹಾಗಂತ ಮೀನನ್ನೇ ಬಿಡಿಸಬೇಡಿ. ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಮೀನಿನಲ್ಲೇ ಸಿಗುವುದು ಸುಲಭ. ಸುಶಿಯ ಸಾಲ್ಮನ್‌ನಲ್ಲಿ ಇರುವ ಅದೇ ಒಮೆಗಾ-3, ಅಂದರೆ ಇಪಿಎ, ಡಿಎಚ್‌ಎ, ನಮ್ಮ ಬೂತಾಯಿಯಲ್ಲೂ ಧಾರಾಳ ಇದೆ, ಪಾದರಸ ಕಡಿಮೆ. ವಾರಕ್ಕೆ ಎರಡು ಮೂರು ಸಲ ಪುಳಿಮುಂಚಿ ಮಾಡಿ ಕೊಡಿ. ಕರಿಯುವುದಕ್ಕಿಂತ ಅದು ಒಳ್ಳೆಯದು. ಲಿವರ್ ತೊಂದರೆ ಇರುವವರು, ಕೀಮೋ ತಗೊಳ್ಳುವವರು, ತೀರಾ ವಯಸ್ಸಾದವರು ಕೂಡ ಹಸಿ ಮೀನು ಮುಟ್ಟಬಾರದು.

ನಿಮಗೆ ಎಷ್ಟು ತುಂಡು ಒಗ್ಗುತ್ತದೆ ಎಂಬುದನ್ನು ನನಗಿಂತ ನಿಮ್ಮ ಗ್ಲೂಕೋಮೀಟರ್ ಚೆನ್ನಾಗಿ ಹೇಳುತ್ತದೆ. ಮುಂದಿನ ಸಲ ಆಫೀಸಿನವರ ಜೊತೆ ಹೋದಾಗ ತುಂಡು ಎಣಿಸಿ ತಿನ್ನಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ. 140ರ ಒಳಗಿದ್ದರೆ ಅಷ್ಟು ಸರಿ. ದಾಟಿದರೆ ಮುಂದಿನ ಸಲ ರೋಲ್ ಅರ್ಧ ಮಾಡಿ, ಸಾಶಿಮಿ ಜಾಸ್ತಿ ಮಾಡಿ, ಮತ್ತೆ ನೋಡಿ. ಆ ಸಂಖ್ಯೆಗಳನ್ನು ಬರೆದಿಟ್ಟು ಊರಿಗೆ ಬಂದಾಗ ನಿಮ್ಮ ಡಾಕ್ಟರಿಗೆ ತೋರಿಸಿ.