ಜೊತೆಯವರ ನೇರ ಟೀಕೆಯಿಂದ ಬರವಣಿಗೆ ಸುಧಾರಿಸುವುದು, ಆತ್ಮವಿಶ್ವಾಸ ಬೆಳೆಯುವುದು ಹೇಗೆ?

ನಿಮಗೆ ಕಾಣದ ಕೊರತೆ ಅವರಿಗೆ ಕಾಣುತ್ತದೆ, ಅದಕ್ಕೇ. ಹೇಳಬೇಕಾದದ್ದು ನಿಮ್ಮ ತಲೆಯಲ್ಲಿ ಮೊದಲೇ ಇರುವುದರಿಂದ, ಬರೆಯದೆ ಬಿಟ್ಟದ್ದನ್ನೂ ಮನಸ್ಸು ತುಂಬಿಕೊಂಡು ಓದುತ್ತದೆ. ಮೊದಲ ಸಲ ಓದುವವರು ಸರಿಯಾಗಿ ಅಲ್ಲೇ ಎಡವುತ್ತಾರೆ.

‘ಚೆನ್ನಾಗಿದೆ’, ‘ಯಾಕೋ ಹಿಡಿಸಲಿಲ್ಲ’ ಎಂಬ ಮಾತುಗಳಿಂದ ಏನೂ ಪ್ರಯೋಜನವಿಲ್ಲ. ‘ಎರಡನೇ ಪ್ಯಾರಾದಲ್ಲಿ “ಅವನು” ಅಂದರೆ ಅಣ್ಣನೋ ತಮ್ಮನೋ ತಿಳಿಯದೆ ಮತ್ತೆ ಹಿಂದಕ್ಕೆ ಹೋಗಿ ಓದಬೇಕಾಯಿತು’ ಎಂದರೆ ತಿದ್ದಬೇಕಾದ ಜಾಗ ಸಿಗುತ್ತದೆ. ಇಬ್ಬರು ಮೂವರಿಗೆ ಓದಲು ಕೊಡಿ, ನಡುವೆ ಬಾಯಿ ಹಾಕಿ ವಿವರಿಸಬೇಡಿ. ಎಲ್ಲರೂ ಒಂದೇ ಕಡೆ ತಡವರಿಸಿದರೆ ತೊಡಕು ಖಂಡಿತ ಅಲ್ಲಿದೆ. ಅವರು ಸೂಚಿಸುವ ಪರಿಹಾರ ಮಾತ್ರ ಎಷ್ಟೋ ಸಲ ಹೊಂದುವುದಿಲ್ಲ. ಅದನ್ನು ನೀವೇ ಹುಡುಕಬೇಕು.

ಆತ್ಮವಿಶ್ವಾಸ ಬರುವುದು ತಿದ್ದಿದ ಮೇಲೆ, ಇನ್ನೊಬ್ಬರು ಅದೇ ಪ್ಯಾರಾವನ್ನು ಎಲ್ಲೂ ನಿಲ್ಲದೆ ಓದಿದಾಗ. ತಪ್ಪನ್ನು ಮುಖಕ್ಕೆ ಹೇಳುವವರು ಮೆಚ್ಚಿದರೆ ಆ ಮೆಚ್ಚುಗೆಯನ್ನು ನಂಬಲೂಬಹುದು.