ಪಜಲ್ ಎಸೆಯುವ ಮಗು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಐದೂವರೆ ವರ್ಷದ ಬಾಲಕನೊಬ್ಬನನ್ನು ತಂದೆತಾಯಿ ನನ್ನಲ್ಲಿಗೆ ಕರೆತಂದಿದ್ದರು. ಮಗ ಯಾವುದರಲ್ಲೂ ನಿಲ್ಲುವುದಿಲ್ಲ, ಚಿತ್ರ ಜೋಡಿಸುವ ಪಜಲ್ ಕೊಟ್ಟರೆ ಎರಡೇ ನಿಮಿಷದಲ್ಲಿ ತುಣುಕುಗಳನ್ನು ಎಸೆದು ‘ನಂಗೆ ಬರಲ್ಲ’ ಎಂದು ಅಳುತ್ತಾನೆ ಎಂಬುದು ಅವರ ದೂರು. ಅವನ ಬುದ್ಧಿಬೆಳವಣಿಗೆಯಲ್ಲಿ ಏನೋ ಕೊರತೆಯಿದೆಯೆಂಬ ಅಂಜಿಕೆ ತಾಯಿಯ ಮಾತಿನಲ್ಲಿ ಮತ್ತೆ ಮತ್ತೆ ಇಣುಕುತ್ತಿತ್ತು.

ಮಾತು, ಓಡಾಟ, ಒಡನಾಟಗಳೆಲ್ಲ ವಯಸ್ಸಿಗೆ ತಕ್ಕಂತಿದ್ದವು. ಶಾಲೆಯಿಂದಲೂ ದೂರು ಬಂದಿರಲಿಲ್ಲ. ಕಣ್ಣಿನ ಪರೀಕ್ಷೆ ಮಾತ್ರ ಆಗಿರಲಿಲ್ಲವಾದ್ದರಿಂದ ಮೊದಲು ಅದನ್ನು ಮಾಡಿಸಲು ಹೇಳಿದೆ. ದೃಷ್ಟಿ ಸರಿಯಾಗಿತ್ತು. ಮನೆಯಲ್ಲಿ ಅವನಿಗೆ ಕೊಡುತ್ತಿದ್ದದ್ದು 100 ತುಣುಕುಗಳ ಪಜಲ್ ಎಂದು ತಿಳಿದಾಗ ಅರ್ಧ ಉತ್ತರ ಸಿಕ್ಕಂತಾಯಿತು.

ಉಳಿದರ್ಧ ಸಿಕ್ಕಿದ್ದು ಎರಡನೆಯ ಭೇಟಿಯಲ್ಲಿ. 24 ತುಣುಕುಗಳ ರೈಲಿನ ಚಿತ್ರವನ್ನು ಮುಂದಿಟ್ಟು, ಮನೆಯಲ್ಲಿ ಆಡುವಂತೆಯೇ ಆಡಿರೆಂದು ಹೇಳಿ ನಾನು ಪಕ್ಕಕ್ಕೆ ಸರಿದೆ. ಹುಡುಗ ಚಕ್ರದ ತುಣುಕನ್ನೆತ್ತಿ ಒಂದು ಕಡೆ ಇಟ್ಟು ನೋಡಿದ, ಕೂರಲಿಲ್ಲ. ಅದನ್ನು ತಿರುಗಿಸುವಷ್ಟರಲ್ಲಿ ತಾಯಿಯ ಬೆರಳು ಸರಿಯಾದ ಜಾಗವನ್ನು ತೋರಿಸಿಯಾಗಿತ್ತು. ಮೂರನೆಯ ತುಣುಕಿನ ಹೊತ್ತಿಗೆ ಅವರು ಅದನ್ನು ಅವನ ಕೈಯಿಂದಲೇ ತೆಗೆದುಕೊಂಡು ಕೂರಿಸಿದರು. ತಂದೆ ಫೋನಿನಲ್ಲಿ ಸಮಯ ನೋಡುತ್ತ ‘ಬೇಗ ಬೇಗ’ ಎನ್ನುತ್ತಿದ್ದರು. ಅಲ್ಲಿಂದ ಮುಂದೆ ಹುಡುಗನ ಕಣ್ಣು ತುಣುಕಿನ ಮೇಲಿರದೆ ತಾಯಿಯ ಮುಖದ ಮೇಲಿತ್ತು. ಆಟ ಮುಗಿದಾಗ ಅವನು ತಾನಾಗಿ ಕೂರಿಸಿದ್ದ ತುಣುಕುಗಳು ಮೂರೇ ಮೂರು.

ತುಣುಕು ಕೂರದೆ ಮಗು ಗೊಂದಲದಿಂದ ನೋಡುವ ಆ ಕೆಲವು ಕ್ಷಣಗಳಲ್ಲೇ ಪಜಲ್‌ನ ಕೆಲಸವೆಲ್ಲ ನಡೆಯುತ್ತದೆ ಎಂದು ಅವರಿಗೆ ವಿವರಿಸಿದೆ. ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಈಗಾಗಲೇ ಸೋತ ಜಾಗವನ್ನು ನೆನಪಿಟ್ಟುಕೊಳ್ಳುವುದು, ಸಿಟ್ಟನ್ನು ತಡೆದು ಇನ್ನೊಮ್ಮೆ ಯತ್ನಿಸುವುದು, ಇವು ಆಗ ಒಟ್ಟಿಗೆ ನಡೆಯುತ್ತವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡರಿಂದ ನಾಲ್ಕು ವರ್ಷದ ನಡುವೆ ಪಜಲ್ ಆಡಿದ್ದ ಮಕ್ಕಳು ನಾಲ್ಕೂವರೆ ವರ್ಷಕ್ಕೆ ಆಕಾರಗಳನ್ನು ಮನಸ್ಸಿನಲ್ಲಿ ಜೋಡಿಸುವ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದಿದ್ದರು. ಇದರಿಂದ ಪಜಲ್ಲೇ ಬುದ್ಧಿ ಬೆಳೆಸಿತೆಂದು ಹೇಳಲಾಗದು. ಅಂಥ ಒಲವಿರುವ ಮಕ್ಕಳೇ ಹೆಚ್ಚು ಆಡಿರಲೂಬಹುದು. ಆದರೆ ದೊಡ್ಡವರ ಕೈ ಆ ಕ್ಷಣಗಳನ್ನು ಕಸಿದುಕೊಂಡರೆ ಮಗುವಿಗೆ ಉಳಿಯುವುದು ಸಿದ್ಧವಾದ ಚಿತ್ರ ಮಾತ್ರ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನೂರರ ಡಬ್ಬಿಯನ್ನು ಸದ್ಯಕ್ಕೆ ಎತ್ತಿಡಲು ಹೇಳಿದೆ. ಹನ್ನೆರಡರಿಂದ ಇಪ್ಪತ್ತನಾಲ್ಕು ತುಣುಕುಗಳದ್ದನ್ನು ತಂದು, ಮೊದಮೊದಲು ದೊಡ್ಡವರೇ ಬಹುಪಾಲು ಜೋಡಿಸಿ ಕೊನೆಯ ನಾಲ್ಕನ್ನು ಮಾತ್ರ ಅವನಿಗೆ ಬಿಡಬೇಕು, ದಿನಗಳೆದಂತೆ ಆ ನಾಲ್ಕನ್ನು ಆರು, ಎಂಟು ಮಾಡುತ್ತ ಹೋಗಬೇಕು. ಹೀಗೆ ಮಾಡಿದರೆ ಮುಗಿಸಿದ ಖುಷಿ ಪ್ರತಿದಿನವೂ ಅವನದೇ ಆಗುತ್ತದೆ. ಅವನು ತಡಕಾಡುವಾಗ ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೂ ಬೆರಳು ತೋರಿಸದೆ, ‘ಇದರ ಒಂದು ಅಂಚು ನೇರವಾಗಿದೆಯಲ್ಲ, ಅದು ಎಲ್ಲಿರಬಹುದು?’ ಎಂದಷ್ಟೇ ಕೇಳಬೇಕು. ಬರಿದೇ ‘ಜಾಣ’ ಎನ್ನುವುದಕ್ಕಿಂತ ‘ಬಣ್ಣ ನೋಡಿ ಹುಡುಕಿದೆ’ ಎಂದು ಅವನು ಮಾಡಿದ್ದನ್ನೇ ಹೇಳುವುದು ಒಳ್ಳೆಯದು. ಎದ್ದುಹೋದರೆ ತಡೆಯದೆ, ಅರ್ಧ ಚಿತ್ರವನ್ನು ತಟ್ಟೆಯಲ್ಲಿ ಹಾಗೆಯೇ ಇಟ್ಟರೆ ನಾಳೆ ಮುಂದುವರಿಸಬಹುದು. ಸಮಯ ನೋಡುವುದು ಬೇಡವೇ ಬೇಡ.

‘ಸುಮ್ನೆ ಕೂತು ನೋಡೋದೇ ನಂಗೆ ಕಷ್ಟ, ಮೇಡಂ,’ ಎಂದರು ತಾಯಿ. ಅದು ಪ್ರಾಮಾಣಿಕವಾದ ಮಾತಾಗಿತ್ತು. ಹಾಗಾದರೆ ಎತ್ತಿಟ್ಟ ಡಬ್ಬಿಯನ್ನು ನೀವೇ ತೆಗೆದುಕೊಂಡು ಅವನ ಪಕ್ಕದಲ್ಲಿ ಜೋಡಿಸಿ, ತಪ್ಪಿದಾಗಲೆಲ್ಲ ‘ಅಯ್ಯೋ, ಇದಲ್ಲ, ತಿರುಗಿಸಿ ನೋಡ್ತೀನಿ’ ಎಂದು ಗಟ್ಟಿಯಾಗಿ ಹೇಳಿ ಎಂದೆ. ಕೊಟ್ಟ ಸಲಹೆಗಳಲ್ಲೆಲ್ಲ ಹೆಚ್ಚು ಫಲಿಸಿದ್ದು ಇದೇ ಎಂದು ನನಗನ್ನಿಸುತ್ತದೆ. ಅಮ್ಮನೂ ತಪ್ಪುತ್ತಾಳೆ ಎಂಬುದು ಅವನಿಗೆ ಹೊಸ ಸುದ್ದಿಯಾಗಿತ್ತು.

ಆರು ವಾರಗಳ ನಂತರ ಅವರು ಮತ್ತೆ ಬಂದರು. ದಣಿದಾಗ ತುಣುಕು ಎಸೆಯುವುದು ಪೂರ್ತಿ ನಿಂತಿರಲಿಲ್ಲ, ಆದರೆ ಇಪ್ಪತ್ತನಾಲ್ಕರದ್ದನ್ನು ಎರಡು ಸಲ ಎದ್ದುಹೋಗಿ ಬಂದಾದರೂ ತಾನೇ ಮುಗಿಸುತ್ತಿದ್ದ. ಅಂದು ನನ್ನ ಮೇಜಿನ ಬಳಿ ತಾಯಿಯ ಕೈ ಅಭ್ಯಾಸಬಲದಿಂದ ಮುಂದೆ ಬಂದಾಗ ಅವನು ತಲೆಯೆತ್ತದೆಯೇ, ‘ಮುಟ್ಬೇಡ ಅಮ್ಮ, ನಾನಿನ್ನೂ ತಿರುಗಿಸ್ತಾ ಇದೀನಿ,’ ಎಂದ. ಅವರು ಕೈಯನ್ನು ಮಡಿಲಿಗೆ ಎಳೆದುಕೊಂಡರು.